ಗೂಳಪ್ಪನ ಗಾಡಿಗೆ ಕೂತ ಎ.ಬಿ.ಎಸ್.

ಆಷಾಢ ಮುಗಿಯಲಿಕ್ಕೆ ಬಂದಿತ್ತು. ಗೂಳಪ್ಪನ ಊರಾದ ಇಂಡಿ ಕಡೆಯ ಮಳೆ ಬಂದರೆ ಬಂತು, ಹೋದರೆ ಹೋಯಿತು; ಪುಣೆಯದು ಹಾಗಲ್ಲ. ಒಮ್ಮೆ ಬಂದು ಕೂತರೆ, ಹಾಸಿಗೆ ಸುರುಳಿ ಸಮೇತ ಬಂದ ನೆಂಟನ ಹಾಗೆ, ಏಳುವ ಮಾತೇ ಆಡುವುದಿಲ್ಲ. ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಅಂದು ಬೆಳಗಿನಿಂದ ಒಂದೇ ಕೆಲಸ. ಚೀಲಗಳನ್ನು ತೇವದ ಗೋಡೆಯಿಂದ ದೂರ ಸರಿಸುವುದು, ತಾಡಪತ್ರಿ ಹೊದಿಸುವುದು, ಸ್ವಲ್ಪ ಬೆಳಕಾದಂತೆ ಕಂಡರೆ ತೆಗೆಯುವುದು, ಒಳಗೆ ಕೈಯಿಟ್ಟು ಕಾಯಿ ಮೆತ್ತಗಾಗಿದೆಯೇ ಎಂದು ನೋಡುವುದು, ಆಮೇಲೆ ಎಲ್ಲರೂ ಸೇರಿ ಸೀನುವುದು. ಗುಮಾಸ್ತ ಗೂಳಪ್ಪ ಈ ಕೊನೆಯ ಕೆಲಸದಲ್ಲಿ ಯಾವ ಹಮಾಲನಿಗೂ ಹಿಂದೆ ಬೀಳುವವನಲ್ಲ.

ಅವನು ಒಂದು ಸೀನು ಮುಗಿಸಿ ಇನ್ನೊಂದಕ್ಕೆ ಬಾಯಿ ತೆರೆದಿದ್ದಾಗ ಅಂಗಡಿಯ ಫೋನು ಬಡಿದುಕೊಂಡಿತು. ಖರಾಡಿಯಿಂದ ತಂಗಿಯ ಗಂಡ ಸಿದ್ದಾರೂಢ.

"ಬೀಗರ, ಈ ಸಲ ಪಂಚಮಿಗೆ ನೀವು ಬರಬ್ಯಾಡ್ರಿ. ತ್ರಿವೇಣಿನ್ನ ನಾನ ಕಾರಿನಾಗ ತಂದು ಬಿಡ್ತೀನಿ."

ಗೂಳಪ್ಪನ ಸೀನು ಒಳಗೇ ನಿಂತಿತು. ನಾಗರ ಪಂಚಮಿಗೆ ಅಣ್ಣನಾದವನು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಹೊಳೆ ಬಂದಿರಲಿ, ಬಸ್ಸು ನಿಂತಿರಲಿ, ಅವನೇ ಹೋಗಬೇಕು. ಗಂಡ ತಂದು ಬಿಟ್ಟು ಹೋದರೆ ಅದಕ್ಕೆ ಹಬ್ಬ ಎನ್ನುವುದಿಲ್ಲ. ಗೂಳಪ್ಪನ ತಾಯಿ ಶಿವಗಂಗವ್ವನ ಪ್ರಕಾರ ಅದಕ್ಕೆ ಪಾರ್ಸಲ್ ಎನ್ನುತ್ತಾರೆ.

"ಅದ್ಹೆಂಗ ಆಗ್ತದ್ರಿ? ಪದ್ಧತಿ ಅದ," ಎಂದ ಗೂಳಪ್ಪ.

"ಹೋದ ವರ್ಷ ಪದ್ಧತಿ ಹಡಪಸರದ ರಾಡ್ಯಾಗ ಮಲಗಿತ್ತಲ್ರಿ."

ಇದು ನಿಜ. ಹೋದ ವರ್ಷ ತಂಗಿಯನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬರುವಾಗ ಮಳೆಯಲ್ಲಿ ಒಂದು ನಾಯಿ ಅಡ್ಡ ಬಂತು. ಗೂಳಪ್ಪ ಬ್ರೇಕನ್ನು ಒತ್ತಿ ಹಿಡಿದ. ಗಾಲಿ ನಿಂತಿತು, ಗಾಡಿ ನಿಲ್ಲಲಿಲ್ಲ. ಅದು ಎಮ್ಮೆಯ ಹಾಗೆ ನಿಧಾನಕ್ಕೆ ಒಂದು ಮಗ್ಗುಲಿಗೆ ಒರಗಿ ಕೆಸರಿನಲ್ಲಿ ಮಲಗಿತು. ತ್ರಿವೇಣಿಯ ಮೊಣಕೈ ತರಚಿತು. ಬೀಗರ ಮನೆಯ ಡಬ್ಬಿಯೊಳಗಿನ ಶೇಂಗಾ ಉಂಡಿಗಳೆಲ್ಲ ರಸ್ತೆಯ ತುಂಬ ಉರುಳಿದವು. ನಾಯಿ ಎರಡು ಉಂಡಿ ತಿಂದು ಹೋಯಿತು.

"ನನ್ನ ಕಾರಿಗೆ ಎ.ಬಿ.ಎಸ್. ಅದ ಬೀಗರ. ಮಳ್ಯಾಗ ಎಷ್ಟ ಜೋರು ಬ್ರೇಕ್ ಒತ್ತಿದರೂ ಗಾಲಿ ಕಚ್ಚಗೊಡೂದಿಲ್ಲ, ಜಾರಗೊಡೂದಿಲ್ಲ. ನಿಮ್ಮ ಗಾಡಿಗೆ ಅದ ಏನ್ರಿ ಅದು?"

ಕಾರು ಬಂದಾಗಿನಿಂದ ಸಿದ್ದಾರೂಢ ಈ ಮಾತನ್ನು ಮದುವೆಯಲ್ಲಿ, ಮುಂಜಿವೆಯಲ್ಲಿ, ಒಮ್ಮೆ ಒಬ್ಬರನ್ನು ಮಣ್ಣು ಮಾಡಿ ಬರುವಾಗ ಕೂಡ ಹೇಳಿದ್ದ. ಈಗ ಫೋನಿನ ಸುತ್ತ ಸಾಹುಕಾರರು, ಹಮಾಲರು, ಸೊಲ್ಲಾಪುರದ ಇಬ್ಬರು ವ್ಯಾಪಾರಿಗಳು ಗೂಳಪ್ಪನ ಮುಖವನ್ನೇ ನೋಡುತ್ತ ನಿಂತಿದ್ದರು. ಗೂಳಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ಸತ್ಯ ಹೇಳಲು ಬೇಕಾಗುವಷ್ಟು ವ್ಯವಧಾನ ಅವನಿಗೆ ಸಿಗಲಿಲ್ಲ.

"ಅದ," ಎಂದ. "ಮೊನ್ನೆನ ಕೂಡಿಸೀನಿ."

ಸೀನು ಆಗ ಹೊರಗೆ ಬಂತು.

ಮನೆಗೆ ಹೋಗುವ ದಾರಿಯಲ್ಲಿ ಗೂಳಪ್ಪ ರೇಡಿಯಂ ಅಕ್ಷರ ಕತ್ತರಿಸುವ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಸಿದ್ದಾರೂಢನ ಕಾರಿನ ಬೆನ್ನಿಗೆ ಮೂರು ಬೆಳ್ಳಿ ಅಕ್ಷರಗಳಿದ್ದುದನ್ನು ಅವನು ನೋಡಿದ್ದ. ಅವು ತನ್ನ ಗಾಡಿಯ ಬೆನ್ನಿಗೂ ಬಂದರೆ ಹೇಳಿದ ಸುಳ್ಳು ಅರ್ಧಕ್ಕರ್ಧ ತೀರಿದಂತೆ ಎಂದು ಅವನ ಲೆಕ್ಕ. ಅಂಗಡಿಯವನು ಉದಾರಿ. ಕೆಂಪು ರೇಡಿಯಮ್ಮಿನಲ್ಲಿ ನಂಬರಿಗಿಂತ ದೊಡ್ಡದಾಗಿ ಕತ್ತರಿಸಿ ಹಿಂದಿನ ಮಡ್ಗಾರ್ಡಿಗೆ ಅಂಟಿಸಿದ. ಗೂಳಪ್ಪನ ಗಾಡಿ ಮೂವರು ಓಡಿಸಿ ಬಿಟ್ಟದ್ದು. ಸೈಲೆನ್ಸರಿಗೆ ತಂತಿ ಬಿಗಿದಿತ್ತು, ಸೀಟಿಗೆ ಪ್ಲಾಸ್ಟಿಕ್ ಹೊದಿಕೆ. ಅಂಥ ಗಾಡಿಯ ಮೇಲೆ ಆ ಅಕ್ಷರಗಳು ಮುದುಕಿಯ ಮೂಗಿಗೆ ಹೊಸ ನತ್ತು ಇಟ್ಟಂತೆ ಕಂಡವು.

ಬಿಬವೇವಾಡಿಯ ಅವರ ಓಣಿಯಲ್ಲಿ ಸುದ್ದಿ ಹರಡುವ ಖಾತೆ ಶಿವಗಂಗವ್ವನ ಕೈಯಲ್ಲಿತ್ತು. ಹೊತ್ತು ಮುಳುಗುವುದರೊಳಗೆ ಆಕೆ ನಲ್ಲಿಯ ಹತ್ತಿರ ನಿಂತು ಸಾರಿದಳು: "ನನ್ನ ಮಗ ಗಾಡಿಗೆ ಅದೇನೋ ಕೂಡಿಸ್ಯಾನ. ಮಳಿ ಬಂತಂದ್ರ ಗಾಡಿ ತಾನ ನಿಂದರತದ."

"ಮಳಿ ಬಂದ್ರ ನಮ್ಮ ಮನಿಯವರ ಗಾಡಿನೂ ತಾನ ನಿಂದರತದಬೇ," ಎಂದಳು ಎದುರುಮನೆಯ ಪಾರವ್ವ. "ಒದ್ದೊದ್ದು ಕಾಲ ನೋಯತಾವ, ಚಾಲೂ ಆಗೂದಿಲ್ಲ."

"ಅದು ಬ್ಯಾರೆ ನಿಂದರೂದು, ಇದು ಬ್ಯಾರೆ ನಿಂದರೂದು," ಎಂದು ಶಿವಗಂಗವ್ವ ಕೊಡ ಎತ್ತಿದಳು. ಇದಕ್ಕಿಂತ ಸ್ಪಷ್ಟವಾಗಿ ಆ ವಿಷಯವನ್ನು ಓಣಿಯಲ್ಲಿ ಯಾರೂ ವಿವರಿಸಲಿಲ್ಲ.

ಪಾರವ್ವನ ಗಂಡ ಕಿರಾಣಿ ಅಂಗಡಿಯ ಕಾಶಪ್ಪ ಆಗತಾನೇ ಒಂದು ಹೊಸ ಗಾಡಿ ತಂದಿದ್ದ. ಆ ಗಾಡಿಯೂ ಮಳೆಯಲ್ಲಿ ಚಾಲೂ ಆಗುತ್ತಿರಲಿಲ್ಲವೆಂಬುದು ಬೇರೆ ಮಾತು. ಅದರ ಮುಂದಿನ ಗಾಲಿಗೆ ಡಿಸ್ಕ್ ಬ್ರೇಕಿತ್ತು. ಅವನು ಬಂದು ಗೂಳಪ್ಪನ ಗಾಡಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದ. ಬಗ್ಗಿ ನೋಡಿದ, ಮೂಸಿಯೂ ನೋಡಿದ.

"ಎಲ್ಲಿ ಕೂಡಿಸಿಯೋ? ಕಾಣವಲ್ದು."

"ಒಳಗ ಅದ."

"ಒಳಗ ಅಂದ್ರ?"

"ಒಳಗ ಅಂದ್ರ ಒಳಗ. ನಿನ್ನ ಕರಳು ಹೊರಗ ಕಾಣ್ತಾವೇನು?"

ಕಾಶಪ್ಪ ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ಮನೆಗೆ ಹೋದ.

ಮರುದಿನ ಮಾರ್ಕೆಟ್ ಯಾರ್ಡಿನ ಸಿಗ್ನಲ್ಲಿನಲ್ಲಿ ಸಂಚಾರಿ ಹವಾಲ್ದಾರ ಕೋಲು ಅಡ್ಡ ಹಿಡಿದ. "ಗಾಡಿ ಬಾಜೂಲಾ ಘ್ಯಾ!" ಗೂಳಪ್ಪ ಬದಿಗೆ ನಿಲ್ಲಿಸಿದ. ಹವಾಲ್ದಾರ ಕೋಲಿನ ತುದಿಯಿಂದ ಒಂದೊಂದೇ ಅಕ್ಷರ ಮುಟ್ಟಿದ. "ಹೇ ಕಾಯ್ ಆಹೆ?" ಇದೇನು?

ಗೂಳಪ್ಪ ತನ್ನ ಮೆಣಸಿನಕಾಯಿ ಮರಾಠಿಯಲ್ಲಿ, ಮಳೆಯಲ್ಲಿ ಗಾಲಿ ಜಾರದಂತೆ ಮಾಡುವ ಯಂತ್ರ ಎಂದು ತಿಳಿಸಿದ. ಹಾಗಾದರೆ ಗಾಡಿಯಲ್ಲಿ ಬದಲಾವಣೆ ಮಾಡಿಸಿದ್ದೀರಿ, ಪರವಾನಗಿ ಎಲ್ಲಿ ಎಂದು ಹವಾಲ್ದಾರ ಕೇಳಿದ. ಯಂತ್ರ ಇದೆ ಎಂದರೆ ಕಾಯದೆಯ ತಪ್ಪು. ಇಲ್ಲ ಎಂದರೆ ಹಿಂದೆ ನಿಂತ ರಿಕ್ಷಾದಲ್ಲಿ ಅಂಗಡಿಯ ಸಾಹುಕಾರರೇ ಕೂತಿದ್ದಾರೆ. ಗೂಳಪ್ಪ ಕಾಯದೆಯನ್ನು ಮುರಿಯಲು ನಿಶ್ಚಯಿಸಿ ಎದೆಯುಬ್ಬಿಸಿದ. "ಆಹೆ ಸಾಹೇಬ, ಆಹೆ!"

ಹವಾಲ್ದಾರ ಅತ್ತಿತ್ತ ನೋಡಿ, ಟೊಪ್ಪಿಗೆಯ ಮೇಲಿನ ನೀರು ಕೊಡವಿ, ಹತ್ತಿರ ಬಂದು ಧ್ವನಿ ತಗ್ಗಿಸಿದ. ಹೋದ ಮಳೆಗಾಲದಲ್ಲಿ ತಾನೂ ಜಾರಿ ಬಿದ್ದದ್ದು, ಕೂತೆದ್ದರೆ ಸೊಂಟ ಈಗಲೂ ಕಟಕಟ ಎನ್ನುವುದು, ಹೆಂಡತಿ ಹಿಂದೆ ಕೂರಲು ಒಲ್ಲೆ ಎನ್ನುವುದು, ಎಲ್ಲ ಹೇಳಿಕೊಂಡ. ಕೊನೆಗೆ ಕೇಳಿದ: "ಕುಠೆ ಬಸವಲಂ?" ಎಲ್ಲಿ ಕೂಡಿಸಿದಿರಿ?

ಗೂಳಪ್ಪನಿಗೆ ಗೊತ್ತಿದ್ದ ಮೆಕ್ಯಾನಿಕ್ ಒಬ್ಬನೇ. ಹೆಸರು ಬಾಯಿಂದ ಜಾರಿತು. "ಬಿಬವೇವಾಡಿ. ಕೃಷ್ಣಾಜಿ."

ಕೃಷ್ಣಾಜಿ ಅಕ್ಕಲಕೋಟೆಯವನು. ಸಮಾಧಾನದಲ್ಲಿದ್ದಾಗ ಮರಾಠಿ, ಸಿಟ್ಟು ಬಂದಾಗ ಕನ್ನಡ ಮಾತಾಡುತ್ತಿದ್ದ. ಸಂಜೆ ಗೂಳಪ್ಪ ಅವನ ಗ್ಯಾರೇಜಿನ ಮುಂದೆ ಹಾಯುವಾಗ ಕನ್ನಡವೇ ಕೇಳಿಬಂತು.

"ಬಾರೋ ನನ್ನಪ್ಪಾ, ಬಾ! ಹವಾಲ್ದಾರ ಬಂದು ಹೋದ. ಹಾಲಿನವ ಬಂದು ಹೋದ. ಬ್ರೆಡ್ಡು ಮಾರೂ ಪಾವಿನವ ಸೈಕಲ್ಲಿಗೇ ಕೂಡಿಸು ಅಂತ ಕೂತಾನ, ಅಲ್ಲಿ ನೋಡು! ಎಲ್ಲಿಂದ ತರ್ಲಿ ನಾನು ಎ.ಬಿ.ಎಸ್.? ಈ ಊರಾಗ ಯಾ ಮೋಟರ್‌ಸೈಕಲ್ಲಿಗೆ ಅದು ಬಂದದ?"

"ಕೈಲೆ ಮಾಡಿ ಕೂಡಿಸಾಕ ಬರೂದಿಲ್ಲೇನು ಕೃಷ್ಣಾಜಿ? ಸಣ್ಣದು? ಪಂಚಮಿ ಪೂರ್ತೆಕ?"

ಕೃಷ್ಣಾಜಿ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಹಣೆ ಒರೆಸಿಕೊಂಡ. ಹಣೆಗೆ ಗ್ರೀಸು ಹತ್ತಿತು. "ಅದಕ್ಕ ಮಿದುಳು ಅದನೋ. ಗಾಲಿ ಕಚ್ಚಿಕೊಳ್ಳಾಕ ಹತ್ತಿತು ಅಂದ್ರ ಬ್ರೇಕು ಬಿಡ್ತದ, ಮತ್ತ ಹಿಡೀತದ, ಬಿಡ್ತದ, ಹಿಡೀತದ. ನೀ ಕಣ್ಣು ಮಿಟಕಿಸೂದ್ರಾಗ ಹತ್ತಾರು ಸಲ. ಮನಶ್ಯಾ ಅಂಜಿದ ಅಂದ್ರ ಏನ ಮಾಡ್ತಾನ? ಒತ್ತಿ ಹಿಡದವ ಬಿಡೂದ ಇಲ್ಲ. ಯಂತ್ರ ಅಂಜೂದಿಲ್ಲ. ಮಳ್ಯಾಗ ಅದರ ಕಿಮ್ಮತ್ತು ಇರೂದ ಅಷ್ಟ."

"ಹಂಗಾರ ನಾ ಅಂಜಲಿಲ್ಲಂದ್ರ ಆತಲಾ."

ಕೃಷ್ಣಾಜಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. ಇಂಜಿನ್ನು ಕೆಟ್ಟ ಗಾಡಿಯನ್ನು ನೋಡಿ ಗಿರಾಕಿಗೆ ಏನೂ ಹೇಳದೆ ಸುಮ್ಮನಾಗುವ ನೋಟ ಅದು.

ಶನಿವಾರ ಖುದ್ದು ಸಿದ್ದಾರೂಢ ಕಾರು ತಗೊಂಡು ಬಂದ. ತ್ರಿವೇಣಿಯೂ ಬಂದಿದ್ದಳು, ಕಾರಿನಿಂದ ಇಳಿಯಲಿಲ್ಲ. ಪಂಚಮಿಗೆ ಮೊದಲು ಗಂಡನ ಜೊತೆ ಬಂದು ತವರಿನ ಹೊಸ್ತಿಲು ತುಳಿದರೆ ಅಣ್ಣ ಕರೆಯಲು ಬರುವುದಕ್ಕೆ ಏನು ಉಳಿಯಿತು ಎಂದು ಕಿಟಕಿಯಲ್ಲೇ ಕೂತಳು. ಗೂಳಪ್ಪನ ಹೆಂಡತಿ ಸುಮಂಗಲಾ ಹೋಗಿ ಅತ್ತಿಗೆಯ ಜವಾಬ್ದಾರಿಯಿಂದ ಚಹಾವನ್ನು ಕಿಟಕಿಗೇ ಕೊಟ್ಟು ಬಂದಳು.

ಸಿದ್ದಾರೂಢ ಗೂಳಪ್ಪನ ಗಾಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದ. "ಬೀಗರ, ಆಫೀಸಿನಾಗ ಇಂಟರ್ನೆಟ್ ಎಲ್ಲಾ ಹುಡುಕೀನಿ. ಇಂಥ ಗಾಡಿಗೆ ಎ.ಬಿ.ಎಸ್. ಬರೂದ ಇಲ್ಲ."

"ಇಂಟರ್ನೆಟ್ಟಿನಾಗ ನಮ್ಮ ಓಣಿನೂ ಇಲ್ಲ. ಹಂಗಂತ ನಾವು ಇಲ್ಲೇನು?" ಎಂದಳು ಶಿವಗಂಗವ್ವ.

"ಹಂಗಲ್ರಿ ಅತ್ತಿಯಾರ..."

"ಹಂಗೂ ಇಲ್ಲ, ಹಿಂಗೂ ಇಲ್ಲ. ಪಂಚಮಿ ಬಂದದ. ಪಂಥ ಕಟ್ರಿ!"

ಪಂಚಮಿ ಎಂದರೆ ಪಂಥ. ಊರಿನಲ್ಲಾದರೆ ನಿಂಬೆಹಣ್ಣು ಒಗೆಯುತ್ತ ಅಗಸೆಯಿಂದ ಹಳ್ಳದವರೆಗೆ ಹೋಗುವ ಪಂಥ, ಕಣ್ಣು ಕಟ್ಟಿಕೊಂಡು ಗುಡಿ ಮುಟ್ಟುವ ಪಂಥ. ಪಂಥ ಒಲ್ಲೆ ಎಂದವನನ್ನು ಮುಂದಿನ ಪಂಚಮಿಯವರೆಗೂ ಯಾರೂ ಗಂಡಸೆಂದು ಎಣಿಸುವುದಿಲ್ಲ. ಸಿದ್ದಾರೂಢನಿಗೂ ರೋಷ ಬಂತು.

"ಕಟ್ಟಿದೆ! ನಾಳೆ ಮುಂಜಾನೆ ಗುಡ್ಡದ ಕಡೆ ಇಳಿಜಾರಿನ ರಸ್ತೆ. ಮ್ಯಾಲಿಂದ ಜೋರು ಬರಬೇಕು, ಗೆರಿ ದಾಟದಂಗ, ಜಾರದಂಗ ನಿಂದರಬೇಕು. ನಿಂತಿರಿ ಅಂದ್ರ ತ್ರಿವೇಣಿನ್ನ ನಿಮ್ಮ ಗಾಡಿ ಮ್ಯಾಲ ಕಳಸ್ತೀನಿ. ಮ್ಯಾಲ ಪಂಚಮಿ ದಿವಸ ಬಂದು ಈ ಓಣಿ ಹೆಣಮಕ್ಕಳಿಗೆಲ್ಲ, ಅವರು ಸಾಕು ಅನ್ನೂತನಕ, ನಾ ಜೋಕಾಲಿ ಜೀಕ್ತೀನಿ. ಜಾರಿದಿರಿ ಅಂದ್ರ ಈ ವರ್ಷಷ್ಟ ಅಲ್ಲ, ಇನ್ನ ಮ್ಯಾಲ ಯಾ ಪಂಚಮಿಗೂ ನೀವು ಕರಿಯಾಕ ಬರೂ ಹಂಗಿಲ್ಲ."

ತ್ರಿವೇಣಿ ಚಹಾ ಕುಡಿಯುವುದನ್ನು ಬಿಟ್ಟು ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಗೂಳಪ್ಪ ಏನೋ ಹೇಳಲು ಬಾಯಿ ತೆರೆದ.

"ನನ್ನ ಮಗ ಒಪ್ಪಿದ," ಎಂದಳು ಶಿವಗಂಗವ್ವ.

ಭಾನುವಾರ ಬೆಳಿಗ್ಗೆ ಸಣ್ಣಗೆ ಮಳೆ ಹನಿಯುತ್ತಲೇ ಇತ್ತು. ಇಳಿಜಾರಿನ ಎರಡೂ ಬದಿಗೆ ಓಣಿ ನಿಂತಿತ್ತು, ಹಾಲಿನವನು, ಕೃಷ್ಣಾಜಿ ನಿಂತಿದ್ದರು, ಹವಾಲ್ದಾರ ರಜೆ ಹಾಕಿ, ಸೀಟಿ ಮಾತ್ರ ಜೊತೆಗೆ ತಂದು ಮೇಲೆ ನಿಂತಿದ್ದ. ಸುಣ್ಣದ ಗೆರೆ ಎಳೆದರೆ ಎಳೆದಂತೆಲ್ಲ ಮಳೆ ತೊಳೆದುಕೊಂಡು ಹೋಗುತ್ತಿತ್ತು.

ಅಷ್ಟರಲ್ಲಿ ಕಾಶಪ್ಪ ಚಾಲೂ ಆಗದ ತನ್ನ ಹೊಸ ಗಾಡಿಯನ್ನು ತಳ್ಳಿಕೊಂಡೇ ಮೇಲೆ ತಂದ. "ಎ.ಬಿ.ಎಸ್.ಗಿಂತ ಮೊದಲ ಡಿಸ್ಕ್ ಬ್ರೇಕ್ ಅಂದ್ರ ಏನು ನೋಡ್ರಿ!" ಎಂದು ಯಾರೂ ಕೇಳದಿದ್ದರೂ ಮೇಲಿನಿಂದ ಬಂದ. ಬರುವುದೇನೋ ಗಂಭೀರವಾಗಿಯೇ ಬಂದ. ಗೆರೆಯ ಹತ್ತಿರ ಬಂದಾಗ ಬಲಗೈಯಲ್ಲಿ ಬ್ರೇಕನ್ನು ನಿಂಬೆಹಣ್ಣು ಹಿಂಡಿದಂತೆ ಹಿಂಡಿದ. ಮುಂದಿನ ಗಾಲಿ ಕಚ್ಚಿಕೊಂಡು ನಿಂತಿತು. ಆಮೇಲೆ ಗಾಡಿ ಒಂದು ಕಡೆ ಹೋಯಿತು, ಕಾಶಪ್ಪ ಕೂತ ಭಂಗಿಯಲ್ಲೇ ಇನ್ನೊಂದು ಕಡೆ ಹೋದ. ಗೆರೆ ದಾಟಿ, ಹಾಲಿನವನನ್ನು ದಾಟಿ, ಯಾರದೋ ಮನೆ ಕಟ್ಟಲು ಸುರಿದಿದ್ದ ಹಸಿ ಮರಳಿನ ಗುಪ್ಪೆಯನ್ನು ಹೊಕ್ಕು ನಿಂತ. ಏನೂ ಪೆಟ್ಟಾಗಿರಲಿಲ್ಲ. ಪಾರವ್ವ ಕೊಡೆ ಹಿಡಿದು ಹತ್ತಿರ ಹೋಗಿ, "ನಿಂತ್ರೋ, ಇನ್ನೂ ಹೋಗಾವರೋ?" ಎಂದಳು.

ಇದನ್ನು ನೋಡಿ ಸಿದ್ದಾರೂಢನ ಮುಖ ಬಿಳುಪೇರಿತು. ಅವನು ಕೆಟ್ಟವನಲ್ಲ. "ಬ್ಯಾಡ್ರಿ ಬೀಗರ, ಬಿಟ್ಟಬಿಡ್ರಿ. ಕೈಕಾಲು ಮುರಕೊಂಡೀರಿ," ಎಂದ. ಗೂಳಪ್ಪನ ಎದೆಯಲ್ಲಿ ಹೂವು ಅರಳಿತು. ಆದರೆ ಕೆಳಗೆ ಆಗಬಾರದ್ದು ಆಗಿಹೋಗಿತ್ತು. ಗೆರೆ ನಿಲ್ಲುವುದಿಲ್ಲವೆಂದು ಶಿವಗಂಗವ್ವ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ, ಗೆರೆಯಿದ್ದ ಜಾಗದಲ್ಲಿ, ನಡುರಸ್ತೆಯಲ್ಲಿ ಹಾಕಿ, ಕೊಡೆ ಬಿಚ್ಚಿಕೊಂಡು ಕೂತುಬಿಟ್ಟಿದ್ದಳು.

"ನಾನ ಗೆರಿ! ಬಾರೋ ಗೂಳಪ್ಪಾ!"

"ಯವ್ವಾ, ಏಳಬೇ!" ಎಂದು ಗೂಳಪ್ಪ ಮೇಲಿನಿಂದ ಕೂಗಿದ.

"ಯಾಕ ಏಳ್ಲಿ? ಗಾಡಿಗೆ ಅದು ಅದಲ್ಲ!"

ಈಗ ಸತ್ಯ ಹೇಳದೆ ಗತಿಯಿರಲಿಲ್ಲ. ಗೂಳಪ್ಪ ಸಿದ್ದಾರೂಢನ ಕಡೆ ತಿರುಗಿ, "ಬೀಗರ, ಖರೇ ಹೇಳಬೇಕಂದ್ರ ಈ ಗಾಡಿಗೆ..." ಎಂದ. ಹವಾಲ್ದಾರ ಸೀಟಿ ಊದಿದ. ಪೊಲೀಸರ ಸೀಟಿ ಕೇಳಿದರೆ ಹೊರಡುವುದು ಗೂಳಪ್ಪನಿಗೆ ರೂಢಿಯಾಗಿ ಹೋಗಿತ್ತು. ಹೊರಟೇಬಿಟ್ಟ.

ಗಾಡಿ ಇಳಿಯುತ್ತ ಇಳಿಯುತ್ತ ಜೋರಾಯಿತು. ಎದುರಿಗೆ ಕರಿ ಕೊಡೆ, ಕೊಡೆಯ ಕೆಳಗೆ ಹಸಿರು ಇಳಕಲ್ ಸೀರೆ, ಸೀರೆಯೊಳಗೆ ಹಡೆದ ತಾಯಿ. ಗೂಳಪ್ಪನ ಬಲಗೈ ಮರಗಟ್ಟಿತು. ಮುಂದಿನ ಬ್ರೇಕಿನ ನೆನಪೇ ಆಗಲಿಲ್ಲ. ಉಳಿದದ್ದು ಬಲಗಾಲು. ಕಾಲನ್ನು ಬ್ರೇಕಿನ ಮೇಲೆ ಇಟ್ಟ, ಕಾಲು ನಡುಗಲು ಹತ್ತಿತು. ಅದು ಸಾದಾ ನಡುಕವಲ್ಲ. ದೀಪಾವಳಿಯ ಮುನ್ನಾದಿನ ಹೊಲಿಗೆ ಯಂತ್ರ ತುಳಿಯುವ ದರ್ಜಿಯ ಕಾಲಿನ ಹಾಗೆ, ಟಕಟಕಟಕಟಕ ಎಂದು, ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಯಜಮಾನನ ಅಪ್ಪಣೆಯಿಲ್ಲದೆ ತಾನೇ ಕುಣಿಯಿತು. ಗಾಲಿಗೆ ಕಚ್ಚಿಕೊಳ್ಳಲು ಪುರಸೊತ್ತೇ ಸಿಗಲಿಲ್ಲ. ಹಿಂದಿನ ಕೆಂಪು ದೀಪ ಹೊತ್ತಿ ಆರಿ ಹೊತ್ತಿ ಆರಿ ಮಿಣಮಿಣ ಎಂದಿತು. ಮೇಲೆ ನಿಂತ ಸಿದ್ದಾರೂಢ ಆ ದೀಪ ನೋಡಿ ಎರಡೂ ಕೈ ಎತ್ತಿದ.

"ಹಿಡೀತದ, ಬಿಡ್ತದ! ಹಿಡೀತದ, ಬಿಡ್ತದ! ನೋಡ್ರಿ, ನೋಡ್ರಿ! ಖರೇನ ಎ.ಬಿ.ಎಸ್. ಅದ!"

ಗಾಡಿ ಗೆರೆ ಹೊಡೆದಂತೆ ನೆಟ್ಟಗೆ ಬಂತು. ಎಡಕ್ಕಿಲ್ಲ, ಬಲಕ್ಕಿಲ್ಲ. ನಿಧಾನವಾಯಿತು, ಇನ್ನೂ ನಿಧಾನವಾಯಿತು, ಮುಂದಿನ ಗಾಲಿ ಶಿವಗಂಗವ್ವನ ಮೊಣಕಾಲಿಗೆ ಒಂದು ಗೇಣು ಉಳಿದಿರುವಾಗ ನಿಂತಿತು.

ಶಿವಗಂಗವ್ವ ಕೊಡೆ ಸರಿಸಿ ನೋಡಿದಳು. "ಇಷ್ಟ ಸನೇಕ ಬರಬೇಕೇನು? ಸೀರಿಗೆ ರಾಡಿ ಹಾರ್ತು."

ಓಣಿ ಕೇಕೆ ಹಾಕಿತು. ಹವಾಲ್ದಾರ ಉಸಿರಿರುವಷ್ಟು ಸೀಟಿ ಊದುತ್ತ ಇಳಿದು ಬಂದ. ಬಂದವನು ಗೂಳಪ್ಪನ ಬಲಗಾಲನ್ನು ನೋಡಿದ. ಅದು ಇನ್ನೂ ಟಕಟಕ ಎನ್ನುತ್ತಲೇ ಇತ್ತು, ದೀಪ ಮಿಣಕುತ್ತಲೇ ಇತ್ತು.

"ಅಜೂನ ಚಾಲೂ ಆಹೆ!" ಎಂದು ಅವನು ಹಿಂದೆ ಸರಿದ. "ಬಂದ್ ಕರಾ, ಬಂದ್ ಕರಾ!"

ಗೂಳಪ್ಪ ಚಾವಿ ತಿರುಗಿಸಿದ. ದೀಪ ಆರಿತು. ಕಾಲು ಮಾತ್ರ, ಅವನು ಮನೆಗೆ ಹೋಗಿ ಎರಡು ಕಪ್ ಚಹಾ ಕುಡಿಯುವವರೆಗೂ ನಿಲ್ಲಲಿಲ್ಲ.

ಸಿದ್ದಾರೂಢ ಓಡಿ ಬಂದು ಬೀಗನನ್ನು ಅಪ್ಪಿಕೊಂಡ. ಸೋತವನ ಮುಖವೇ ಅಲ್ಲ ಅದು; ಮಳೆಯಲ್ಲಿ ಎ.ಬಿ.ಎಸ್.ನ ಬೆಲೆ ಏನೆಂದು ತಾನು ಮದುವೆ ಮುಂಜಿವೆಗಳಲ್ಲಿ ಹೇಳಿದ್ದು ಇಡೀ ಬಿಬವೇವಾಡಿಯ ಎದುರು ರುಜುವಾತಾದ ಸಂತೋಷ. ಮರಳಿನಿಂದ ಎದ್ದು ಬಂದ ಕಾಶಪ್ಪನಿಗೂ ಅವನು ಗಾಲಿ ಕಚ್ಚುವ ಬಗೆಯನ್ನು ವಿವರಿಸಿದ. ಕಾಶಪ್ಪ ಕಿವಿಯೊಳಗಿನ ಮರಳು ತೆಗೆಯುತ್ತ ಕೇಳಿದ.

ಜನ ಈಗ ಕೃಷ್ಣಾಜಿಯನ್ನು ಮುತ್ತಿದರು. ನಮಗೂ ಕೂಡಿಸು, ನಮಗೂ ಕೂಡಿಸು. ಗೂಳಪ್ಪನ ಕಾಲನ್ನು ಕಣ್ಣಿಟ್ಟು ನೋಡಿದವನು ಆ ಗುಂಪಿನಲ್ಲಿ ಅವನೊಬ್ಬನೇ. ಸಿಟ್ಟಿಲ್ಲದೆಯೂ ಅಂದು ಅವನು ಕನ್ನಡದಲ್ಲೇ ಮಾತಾಡಿದ.

"ಒಂದ ಪೀಸ್ ಇತ್ರಿ, ಮುಗೀತು. ಮ್ಯಾಲ ಅದು ಹಡದವ್ವನ್ನ ಮುಂದ ಕೂಡಿಸಿದ್ರಷ್ಟ ನಡೀತದ."

ಪಂಚಮಿಯ ಮುಂಜಾನೆ ಗೂಳಪ್ಪ ಖರಾಡಿಗೆ ಹೋದ. ಬೀಗರ ಮನೆಯಲ್ಲಿ ಕಾಲಿಗೆ ನೀರು ಕೊಟ್ಟರು, ತಂಬಿಟ್ಟು ಕೊಟ್ಟರು, ಲಿಫ್ಟಿನವರೆಗೆ ಬಂದು ಕಳಿಸಿದರು. ತ್ರಿವೇಣಿ ಹೊಸ ಸೀರೆ ಉಟ್ಟು, ಉಂಡಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ಮಳೆ ಹನಿಯುತ್ತಿತ್ತು. ಗೂಳಪ್ಪ ಹೊಡೆದ ವೇಗಕ್ಕೆ ಸೈಕಲ್ಲಿನವರು ಗಂಟೆ ಬಾರಿಸಿ ಮುಂದೆ ಹೋದರು, ಒಬ್ಬ ಬಾಳೆಹಣ್ಣಿನ ಗಾಡಿಯವನೂ ಮುಂದೆ ಹೋದ.

ಹಡಪಸರ ದಾಟಿದ ಮೇಲೆ ತ್ರಿವೇಣಿ ಅಣ್ಣನ ಬೆನ್ನಿಗೆ ಬಾಗಿ ಕೇಳಿದಳು. "ಅಣ್ಣಾ, ಖರೇ ಹೇಳು. ಅದ ಏನು ಅದು?"

"ಹಿಂಗ ಮೆಲ್ಲಕ ಹೋದ್ರ ಅದು ಬೇಕಾಗೂದ ಇಲ್ಲ ತಂಗಿ."

ಆಕೆ ಡಬ್ಬಿ ಗಟ್ಟಿಯಾಗಿ ಹಿಡಿದುಕೊಂಡು ಬಿಬವೇವಾಡಿ ಬರುವವರೆಗೂ ನಕ್ಕಳು. ಗಂಡನಿಗೆ ಮಾತ್ರ ಹೇಳಲಿಲ್ಲ. ಪಂಥದ ಸಾಲ ಇನ್ನೂ ತೀರಿರಲಿಲ್ಲ.

ಮಧ್ಯಾಹ್ನ ಸಿದ್ದಾರೂಢ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದ. ಓಣಿಯ ತುದಿಯ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿತ್ತು, ಹೆಂಗಸರು ಸಾಲು ಹಚ್ಚಿದ್ದರು. ಅವನು ತೋಳು ಮಡಿಸಿ ಜೀಕತೊಡಗಿದ. ಪಾರವ್ವ ಕೂತಳು, ಇಳಿದು ಸಾಲಿನ ಹಿಂದೆ ಹೋಗಿ ಮತ್ತೆ ಬಂದು ಕೂತಳು. ಸುಮಂಗಲಾ ಕೂತಳು. ಶಿವಗಂಗವ್ವ ಕೂತು, "ಅಳಿಯಂದ್ರ, ಊಟ ಮಾಡಿಲ್ಲೇನು? ಜೋರ ಜೀಕ್ರಿ!" ಎಂದು ಬೇವಿನ ಟೊಂಗೆಗೆ ಕಾಲು ಮುಟ್ಟಿಸಿ ಬಂದಳು. ಸಿದ್ದಾರೂಢನ ಇಸ್ತ್ರಿ ಹೋಯಿತು, ಕನ್ನಡಕ ಹಬೆಗಟ್ಟಿತು, ಫೋನು ಕಿಸೆಯಲ್ಲಿ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಗೂಳಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಉಂಡಿ ಮುರಿಯುತ್ತ, ಸಾಲು ಕೆಡದಂತೆ ನೋಡಿಕೊಂಡ.

ಎಲ್ಲರೂ ಸಾಕು ಎಂದ ಮೇಲೆ ಕೊನೆಗೆ ತ್ರಿವೇಣಿ ಬಂದು ಹಗ್ಗ ಹಿಡಿದು ಕೂತಳು. ಸಿದ್ದಾರೂಢ ಜೀಕಿದ. ಅಂಗೈ ಕೆಂಪಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಹೆಂಡತಿಗಷ್ಟೇ ಕೇಳುವಂತೆ, "ಇನ್ನ ಸಾಕು ಅನ್ನು," ಎಂದ.

"ತವರುಮನಿ ಜೋಕಾಲಿರಿ," ಎಂದಳು ತ್ರಿವೇಣಿ, ಮೇಲೆ ಹೋಗುತ್ತ. "ಹಂಗ ಸಾಕು ಅನ್ನಾಕ ಬರೂದಿಲ್ಲ."

ಓಣಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಆಕೆ ಸಾಕು ಎಂದಳು.